ಕಾಲುವೆಗೆ ನೀರು ಬಿಟ್ಟ ಮೇಲೆ

2014ರ ಫೆಬ್ರವರಿಯಲ್ಲಿ ಒಂದು ಕಾಗದ ಬರೆದು ಅದರ 42 ಪ್ರತಿ ತೆಗೆಸಿದೆ. ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಅಕ್ಕಿ ಗಿರಣಿಗಳು, ಗೊಬ್ಬರದ ಅಂಗಡಿಗಳು, ಜೀನ್ಸ್ ಹೊಲಿಯುವ ಘಟಕಗಳು, ಹೀಗೆ ನಾನು ಬರೆದ ಲೆಕ್ಕದ ತಂತ್ರಾಂಶವನ್ನು ಬಳಸುತ್ತಿದ್ದವರಿಗೆಲ್ಲ ಒಂದೊಂದು. ಮಾರ್ಚ್ 31ರ ನಂತರ ವಿಂಡೋಸ್ 98 ಮತ್ತು ವಿಂಡೋಸ್ ಎಕ್ಸ್‌ಪಿ ಇರುವ ಕಂಪ್ಯೂಟರುಗಳಿಗೆ ನಮ್ಮಿಂದ ಸಹಾಯ ಸಿಗುವುದಿಲ್ಲ, ಅಷ್ಟರೊಳಗೆ ಹೊಸ ಕಂಪ್ಯೂಟರ್ ತೆಗೆದುಕೊಳ್ಳಬೇಕಾಗಿ ವಿನಂತಿ. ನಾಲ್ಕೇ ಸಾಲು. ಎಕ್ಸ್‌ಪಿಗೆ ಏಪ್ರಿಲ್ 8ರಂದು ಬೆಂಬಲ ನಿಲ್ಲಿಸುವುದಾಗಿ ಮೈಕ್ರೋಸಾಫ್ಟ್ ಸಾರಿತ್ತು. ಅದಕ್ಕೊಂದು ವಾರ ಮೊದಲು, ಲೆಕ್ಕದ ವರ್ಷ ಮುಗಿಯುವ ದಿನವನ್ನೇ ಆರಿಸಿಕೊಂಡೆ. ಹಳೆಯ ವರ್ಷದ ಜೊತೆ ಹಳೆಯ ಯಂತ್ರವೂ ಹೋಗಲಿ ಎಂಬುದು ಆಗ ನನಗೆ ಬಹಳ ಅಚ್ಚುಕಟ್ಟಾದ ಏರ್ಪಾಡಾಗಿ ಕಂಡಿತ್ತು.

ಏಪ್ರಿಲ್ ಮಧ್ಯದಲ್ಲಿ ಸಿರುಗುಪ್ಪದ ಒಂದು ಗಿರಣಿಯಿಂದ ಫೋನ್ ಬಂತು. ಮಾತಾಡಿದವರು ಅಲ್ಲಿನ ಗುಮಾಸ್ತರು. ಆಗಲೇ ಅರವತ್ತು ದಾಟಿದ್ದ ಅವರನ್ನು ನಾನು ತಾತ ಎಂದೇ ಕರೆಯುತ್ತಿದ್ದೆ.

“ತಮ್ಮಾ, ನೀನು ಬರೆದಂಗೇ ಮಾಡೀವಿ. ಹೊಸ ಕಂಪ್ಯೂಟರ್ ಬಂದೈತೆ. ಹಳೇದು ಅಂಗಡಿಯವನಿಗೆ ಎಕ್ಸ್‌ಚೇಂಜ್ ಕೊಟ್ಟೀವಿ. ಆದ್ರೆ ಕಾಂಟಾದ ತೂಕ ಇದ್ರಾಗೆ ಬರವಲ್ದು.”

ಆ ಕ್ಷಣಕ್ಕೇ ತಪ್ಪು ಎಲ್ಲಾಗಿದೆ ಎಂದು ಗೊತ್ತಾಯಿತು. ಲೆಕ್ಕದ ಭಾಗವನ್ನು ವಿಂಡೋಸ್‌ಗೆ ಬರೆದು ವರ್ಷಗಳಾಗಿದ್ದವು. ಅದು ಹೊಸ ಯಂತ್ರದಲ್ಲಿ ಓಡುತ್ತಿತ್ತು. ಆದರೆ ಕಾಂಟಾದಿಂದ, ಅಂದರೆ ವೇ ಬ್ರಿಡ್ಜ್‌ನಿಂದ, ತೂಕ ಓದಿ ಚೀಟಿ ಮುದ್ರಿಸುವ ಸಣ್ಣ ಪ್ರೋಗ್ರಾಂ ಇನ್ನೂ ಡಾಸ್ ಕಾಲದ ಫಾಕ್ಸ್‌ಪ್ರೊದ್ದು. ಕೆಟ್ಟಿರಲಿಲ್ಲ, ಆದ್ದರಿಂದ ಮುಟ್ಟಿರಲಿಲ್ಲ. ಅಂಗಡಿಯವರು ಕೊಟ್ಟಿದ್ದು 64 ಬಿಟ್‌ನ ವಿಂಡೋಸ್ 7. ಅದರಲ್ಲಿ ಡಾಸ್ ಪ್ರೋಗ್ರಾಂ ತೆರೆಯುವುದೇ ಇಲ್ಲ. ಕಾಂಟಾದ ತಂತಿ ಸಿಕ್ಕಿಸಲು ಹಿಂದುಗಡೆ ಸೀರಿಯಲ್ ಪೋರ್ಟೂ ಇಲ್ಲ. ನನ್ನ ಕಾಗದದ ಮಾತಿಗೆ ತಲೆ ಅಲ್ಲಾಡಿಸಿ ಸುಮ್ಮನಿದ್ದ ಗಿರಣಿಗಳಲ್ಲಿ ಏನೂ ಆಗಲಿಲ್ಲ. ಅದನ್ನು ಅಕ್ಷರಶಃ ಪಾಲಿಸಿದ ಗಿರಣಿಯಲ್ಲಿ ತೂಕ ನಿಂತಿತು.

ತುಂಗಭದ್ರಾ ಕಾಲುವೆಯ ಊರುಗಳಲ್ಲಿ ಏಪ್ರಿಲ್ ಅಂದರೆ ಏನೆಂದು ಗೊತ್ತಿರುವವರಿಗೆ ಇದರ ತೂಕ ಗೊತ್ತಾದೀತು. ಬೇಸಿಗೆ ಬೆಳೆಯ ಭತ್ತ ಕಟಾವಾಗಿ ಬರುವ ಹೊತ್ತು. ನಾನು ನನ್ನ ಮೇಜಿನ ಹಳೆಯ ಎಕ್ಸ್‌ಪಿ ಯಂತ್ರವನ್ನೇ ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ಇಟ್ಟುಕೊಂಡು ಹೊರಟೆ. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಸುಮಾರು 55 ಕಿಲೋಮೀಟರ್. ತೆಕ್ಕಲಕೋಟೆ ದಾಟುವಾಗಲೇ ರಸ್ತೆಯುದ್ದಕ್ಕೂ ಭತ್ತ ತುಂಬಿದ ಟ್ರಾಕ್ಟರುಗಳು. ಗಿರಣಿಯ ಗೇಟಿನಿಂದ ಆಚೆಗೆ ಸಾಲು ನಿಂತಿತ್ತು. ತಾತ ಕಾಂಟಾದ ಡಬ್ಬಿಯ ಮೇಲೆ ಮಿನುಗುವ ಕೆಂಪು ಅಂಕಿಗಳನ್ನು ನೋಡಿ ನೋಡಿ ಕೈಯಲ್ಲಿ ಚೀಟಿ ಬರೆಯುತ್ತಿದ್ದರು. ತುಂಬಿದ ತೂಕ, ಖಾಲಿ ತೂಕ, ಕಳೆದು ಉಳಿದದ್ದು, ತೇವಕ್ಕೆ ಕಡಿತ, 75 ಕೆಜಿಯ ಚೀಲಕ್ಕೆ ದರ. ಬೆಳಗಿನಿಂದ ಊಟಕ್ಕೂ ಎದ್ದಿರಲಿಲ್ಲ. ನನ್ನನ್ನು ಕಂಡು ಬೈಯಲಿಲ್ಲ. “ಬಂದ್ಯಾ, ಕುಂದ್ರು” ಅಂದರು. ಕೈ ಮಾತ್ರ ನಿಲ್ಲಲಿಲ್ಲ.

ಹಳೆಯ ಯಂತ್ರ ಹೂಡಿದ ಮೇಲೆ ಸಾಲು ಕರಗಿತು. ಕಾಂಟಾದ ಪ್ರೋಗ್ರಾಂ ಹೊಸದಾಗಿ ಬರೆದು, ಯುಎಸ್‌ಬಿಗೆ ಸೀರಿಯಲ್ ತಂತಿ ಜೋಡಿಸುವ ಸಾಧನ ತರಿಸಿ, ಅದು ತೂಕವನ್ನು ತಪ್ಪಿಲ್ಲದೆ ಓದುತ್ತದೆ ಎಂದು ಖಾತ್ರಿ ಮಾಡಿಕೊಳ್ಳಲು ಒಂಬತ್ತು ದಿನ ಹಿಡಿಯಿತು. ಅಷ್ಟೂ ದಿನ ನನ್ನ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು. ದಿನಾಂಕ ಗೊತ್ತು ಮಾಡುವಾಗ ನಾನು ಮೈಕ್ರೋಸಾಫ್ಟಿನ ಕ್ಯಾಲೆಂಡರ್ ನೋಡಿದೆ, ಆಡಿಟರ್ ಕ್ಯಾಲೆಂಡರ್ ನೋಡಿದೆ. ಭತ್ತದ ಕ್ಯಾಲೆಂಡರ್ ನೋಡಲಿಲ್ಲ.

ನಾನು ಈ ಕೆಲಸಕ್ಕೆ ಇಳಿದದ್ದು 1997ರಲ್ಲಿ, ಬಳ್ಳಾರಿಯ ರಾಯಲ್ ಸರ್ಕಲ್ ಹತ್ತಿರ ಮೆಟ್ಟಿಲ ಕೆಳಗಿನ ಒಂದು ಕೋಣೆಯಲ್ಲಿ. ಆಗ ನನ್ನ ಹತ್ತಿರ ಇದ್ದದ್ದು ಡಾಸ್‌ನ ಫಾಕ್ಸ್‌ಪ್ರೊ 2.6, ಒಂದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಮತ್ತು ಸಾಲ ಮಾಡಿ ಕೊಂಡ ಜಿಸ್ಟ್ ಕಾರ್ಡ್. ಈ ಜಿಸ್ಟ್ ಕಾರ್ಡಿನ ಬಗ್ಗೆ ಈಗಿನವರಿಗೆ ಹೇಳಬೇಕು. ಡಾಸ್‌ಗೆ ಕನ್ನಡ ಗೊತ್ತಿರಲಿಲ್ಲ. ಐಐಟಿ ಕಾನ್ಪುರದಲ್ಲಿ ಹುಟ್ಟಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಈ ಕಾರ್ಡನ್ನು ಕಂಪ್ಯೂಟರಿನ ಒಳಗೆ ಸಿಕ್ಕಿಸಿದರೆ, ಇಂಗ್ಲಿಷಿಗೆಂದೇ ಬರೆದ ಪ್ರೋಗ್ರಾಮಿನಲ್ಲೂ ಪರದೆಯ ಮೇಲೆ ಕನ್ನಡ ಮೂಡುತ್ತಿತ್ತು. ಪ್ರಿಂಟರ್ ಕರಕರ ಅನ್ನುತ್ತ ರೈತನ ಹೆಸರನ್ನು ಕನ್ನಡದಲ್ಲಿ ಹೊಡೆಯುತ್ತಿತ್ತು. ನನಗೆ ಮೊದಲ ಗಿರಾಕಿಗಳು ಸಿಕ್ಕಿದ್ದು ನನ್ನ ಲೆಕ್ಕದ ಜಾಣತನದಿಂದಲ್ಲ, ಆ ಕನ್ನಡ ಚೀಟಿಯಿಂದ. ರೈತರು ಅದನ್ನು ಓದಿ, ಮಡಿಸಿ, ಒಳಅಂಗಿಯ ಜೇಬಿನಲ್ಲಿಟ್ಟುಕೊಂಡು ಹೋಗುವುದನ್ನು ನೋಡುತ್ತ ನಿಲ್ಲುವುದು ನನಗೆ ಇಷ್ಟವಾಗುತ್ತಿತ್ತು.

ಮೊದಲು ಕೈಬಿಡಬೇಕಾಗಿ ಬಂದದ್ದು ಆ ಕಾರ್ಡನ್ನೇ. ನಾನು ತೀರ್ಮಾನ ಮಾಡುವ ಪ್ರಸಂಗವೇ ಬರಲಿಲ್ಲ. ಹೊಸ ಮದರ್‌ಬೋರ್ಡುಗಳಲ್ಲಿ ಅದನ್ನು ಸಿಕ್ಕಿಸುವ ಉದ್ದನೆಯ ಕಪ್ಪು ಸ್ಲಾಟೇ ಇಲ್ಲವಾಯಿತು. ವಿಂಡೋಸ್‌ಗೆ ಬಂದೆವು, ಕನ್ನಡ ಗಣಕ ಪರಿಷತ್ತಿನ ನುಡಿ ಬಂತು, ಹೆಸರುಗಳನ್ನೆಲ್ಲ ಅದರ ಅಕ್ಷರಗಳಿಗೆ ಬದಲಿಸಿದೆ. ಕೆಲವು ವರ್ಷ ಆರಾಮ. ಆಮೇಲೆ ಯೂನಿಕೋಡ್.

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಹಳೆಯ ವೇದಿಕೆ ಬಿಡುವುದು ಎಂದರೆ ಕಂಪ್ಯೂಟರ್ ಬದಲಿಸುವುದು ಎಂದುಕೊಂಡವರಿಗೆ ಕನ್ನಡದವರ ಕಷ್ಟ ತಿಳಿಯುವುದಿಲ್ಲ. ನುಡಿಯ ಹಳೆಯ ಅಕ್ಷರಗಳು ಕಣ್ಣಿಗೆ ಕಾಣುವ ಕ್ರಮದಲ್ಲಿ ಕೂತಿರುತ್ತವೆ. “ಸೂರ್ಯ” ಎಂದು ಬರೆದರೆ ಒಳಗೆ ಮೊದಲು ಸೂ, ಆಮೇಲೆ ಯ, ಕೊನೆಗೆ ಅರ್ಕಾವತ್ತು. ಯೂನಿಕೋಡಿನಲ್ಲಿ ನಾವು ಉಚ್ಚರಿಸುವ ಕ್ರಮ: ಸೂ, ರ್, ಯ. ಒಂದರಿಂದ ಇನ್ನೊಂದಕ್ಕೆ ಸಾಗಿಸುವಾಗ ಆ ಅರ್ಕಾವತ್ತನ್ನು ಎತ್ತಿ ಯಕಾರಕ್ಕಿಂತ ಮೊದಲು ಇಡಬೇಕು. ನಾನು ಬರೆದ ಮೊದಲ ಪರಿವರ್ತಕ ಅದನ್ನು ಮಾಡಲಿಲ್ಲ. ಸಿರುಗುಪ್ಪದ ಸುತ್ತಲಿನ ವಲಸೆ ರೈತರ ಕ್ಯಾಂಪುಗಳಲ್ಲಿ ಸೂರ್ಯ ಸೇರಿದ ಹೆಸರುಗಳು ಬೇಕಾದಷ್ಟು. ಎಲ್ಲರೂ ಒಂದೇ ದಿನ “ಸೂಯರ್” ಆಗಿ ಚೀಟಿಯ ಮೇಲೆ ಬಂದರು. ಒಬ್ಬ ಹಿರಿಯರು ಚೀಟಿ ನನ್ನ ಮುಂದೆ ಹಿಡಿದು, “ನಮ್ಮಪ್ಪ ಇಟ್ಟ ಹೆಸರಪ್ಪಾ ಇದು” ಎಂದಷ್ಟೇ ಹೇಳಿದರು. ನಾಲ್ಕು ಸಾವಿರಕ್ಕೂ ಹೆಚ್ಚು ಹೆಸರುಗಳನ್ನು ಆಮೇಲೆ ಒಂದೊಂದಾಗಿ ಕಣ್ಣಲ್ಲಿ ನೋಡಿ ತಿದ್ದಿದೆ.

ಯೂನಿಕೋಡಿಗೆ ಹೋಗುವುದೆಂದರೆ ವಿಂಡೋಸ್ 98 ಬಿಡುವುದು. ಎಕ್ಸ್‌ಪಿಯಲ್ಲಿ ತುಂಗಾ ಎಂಬ ಕನ್ನಡ ಫಾಂಟ್ ಜೊತೆಯಲ್ಲೇ ಬರುತ್ತಿತ್ತು, ಒತ್ತಕ್ಷರಗಳು ತಾವಾಗಿ ಕೂಡಿಕೊಳ್ಳುತ್ತಿದ್ದವು. 98ರಲ್ಲಿ ಆ ಅನುಕೂಲ ಇರಲಿಲ್ಲ. 98ನ್ನು ಮೈಕ್ರೋಸಾಫ್ಟ್ 2006ರ ಜುಲೈನಲ್ಲೇ ಕೈಬಿಟ್ಟಿತ್ತು. ನಾನು ಬಿಡಲಿಲ್ಲ. ನನ್ನ ಗಿರಾಕಿಗಳಲ್ಲಿ ಆರು ಜನ ಇನ್ನೂ ಅದರಲ್ಲಿದ್ದರು. ಅವರಿಗಾಗಿ ಪ್ರತಿಯೊಂದನ್ನೂ ಎರಡು ಸಲ ಬರೆಯುತ್ತಿದ್ದೆ, ಹೊಸ ಕನ್ನಡಕ್ಕೊಮ್ಮೆ, ಹಳೆಯ ಕನ್ನಡಕ್ಕೊಮ್ಮೆ. ಮೇಜಿನ ಮೇಲೆ ಮೂರು ಕಂಪ್ಯೂಟರ್ ಇಟ್ಟುಕೊಂಡು ಮೂರರಲ್ಲೂ ಪರೀಕ್ಷಿಸಬೇಕಿತ್ತು.

ಆಗ ನನ್ನ ಜೊತೆ ಕೆಲಸಕ್ಕಿದ್ದ ಹುಡುಗಿ, ಬಳ್ಳಾರಿಯಲ್ಲೇ ಎಂಜಿನಿಯರಿಂಗ್ ಓದಿದವಳು, ಒಂದು ದಿನ ನೋಟ್‌ಬುಕ್ ತಂದು ಮುಂದಿಟ್ಟಳು. ಆರು ತಿಂಗಳು ಯಾವ ಊರಿಗೆ ಎಷ್ಟು ಸಲ ಹೋದೆವು, ಯಾವ ದೂರಿಗೆ ಎಷ್ಟು ಗಂಟೆ ಹಿಡಿಯಿತು ಎಂದು ಬರೆದಿಟ್ಟಿದ್ದಳು.

“ಸರ್, ಈ ಆರು ಜನ ನಮ್ಮ ಅರ್ಧ ದಿನಗಳನ್ನ ತಗೊಂಡಿದ್ದಾರೆ. ಉಳಿದ ಮೂವತ್ತಾರು ಜನಕ್ಕೆ ಉಳಿದ ಅರ್ಧ. ಜೀನ್ಸ್‌ನವರು ಪೀಸ್ ರೇಟಿನ ಲೆಕ್ಕ ಕೇಳಿ ಒಂದು ವರ್ಷ ಆಯ್ತು.”

ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಹೊಲಿಯುವವರಿಗೆ ಕೂಲಿ ಪೀಸಿನ ಲೆಕ್ಕದಲ್ಲಿ. ಜೇಬಿಗೊಂದು ದರ, ಜಿಪ್ಪಿಗೊಂದು, ಪಟ್ಟಿಗೊಂದು. ಶನಿವಾರ ಸಂಜೆ ಲೆಕ್ಕದಲ್ಲಿ ವ್ಯತ್ಯಾಸ ಬಂದರೆ ಅದು ಒಬ್ಬ ಹೆಣ್ಣುಮಗಳ ವಾರದ ಸಂತೆಯ ದುಡ್ಡು. ಅದನ್ನು ಸರಿ ಮಾಡಿಕೊಡುತ್ತೇನೆ ಎಂದು ಒಪ್ಪಿ ವರ್ಷವಾಗಿದ್ದರೂ ನಾನು ಕೈ ಹಚ್ಚಿರಲಿಲ್ಲ. ಹಳೆಯದನ್ನು ಬಿಡದಿರುವುದು ಉದಾರತನ ಎಂದು ನಾನು ನಂಬಿದ್ದೆ. ಆ ಉದಾರತನದ ಖರ್ಚನ್ನು ಬೇರೆ ಯಾರೋ ಕೊಡುತ್ತಿದ್ದಾರೆ ಎಂದು ಆ ನೋಟ್‌ಬುಕ್ ನೋಡಿದ ಮೇಲೆ ತಿಳಿಯಿತು. ಆ ಅವಸರದಲ್ಲಿ ಬರೆದದ್ದೇ 2014ರ ನಾಲ್ಕು ಸಾಲಿನ ಕಾಗದ.

ಸಿರುಗುಪ್ಪದಲ್ಲಿ ಆದದ್ದನ್ನು ನೋಡಿ ನಾನು ಹೆದರಿದೆ. ಹೆದರಿ, ಅದಕ್ಕಿಂತ ದೊಡ್ಡ ತಪ್ಪು ಮಾಡಿದೆ.

ಕುರುಗೋಡಿನಲ್ಲಿ ಒಂದು ಗೊಬ್ಬರದ ಅಂಗಡಿ ಇತ್ತು. ದೊಡ್ಡಬಸವೇಶ್ವರನ ಗುಡಿಗೆ ಹೋಗುವ ದಾರಿಯಲ್ಲಿ, ಬೆನ್ನಿಗೆ ಬಂಡೆಗುಡ್ಡ. ಅಂಗಡಿಯ ಅಣ್ಣ ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ಮೆಣಸಿನಕಾಯಿ, ಹತ್ತಿ, ಭತ್ತ ಬೆಳೆಯುವವರಿಗೆ ಯೂರಿಯಾ, ಡಿಎಪಿ, ಔಷಧಿ ಎಲ್ಲ ಉದ್ರಿ ಕೊಡುತ್ತಿದ್ದರು, ಬೆಳೆ ಬಂದ ಮೇಲೆ ವಸೂಲಿ. ಅವರ ಹತ್ತಿರ ವಿಂಡೋಸ್ 98ರ ಒಂದು ಯಂತ್ರ. ನನ್ನ ಕಾಗದ ಕೈಯಲ್ಲಿ ಹಿಡಿದು ಬಳ್ಳಾರಿಗೆ ಬಂದಿದ್ದರು. “ಇದು ನಿಂದಾ ಬರೆದದ್ದು? ಈ ವರ್ಷ ಮಳೆ ಇಲ್ಲ, ಹೊಸದು ತಗೊಳ್ಳೋದು ಆಗಲ್ಲ” ಅಂದರು. ನಾನು “ಇರಲಿ ಬಿಡಣ್ಣಾ, ನಿಮಗೆ ನಡೆಸಿಕೊಡ್ತೀನಿ” ಅಂದೆ. ಅವರು ನಿರಾಳವಾಗಿ ಬಸ್ ಹತ್ತಿದರು. ಆ ಮಾತು ಹೇಳಿದ್ದಕ್ಕೆ ನನಗೂ ಸಂತೋಷವಾಗಿತ್ತು.

2016ರ ಮೇ ತಿಂಗಳಲ್ಲಿ ಆ ಯಂತ್ರದ ಹಾರ್ಡ್ ಡಿಸ್ಕ್ ನಿಂತಿತು. ಬಳ್ಳಾರಿ ಸೀಮೆಯಲ್ಲಿ ಕಂಪ್ಯೂಟರುಗಳು ಸಾಯುವುದು ಹೆಚ್ಚಾಗಿ ಏಪ್ರಿಲ್, ಮೇನಲ್ಲಿ. 42 ಡಿಗ್ರಿ ಬಿಸಿಲು, ತಗಡಿನ ಸೂರು, ಗೊಬ್ಬರದ ಧೂಳು, ಹೊತ್ತುಗೊತ್ತಿಲ್ಲದೆ ಹೋಗಿ ಬರುವ ಕರೆಂಟು. ಆ ಜಾತಿಯ ಅಗಲ ತಂತಿಯ ಡಿಸ್ಕುಗಳು ಆ ಹೊತ್ತಿಗೆ ಅಂಗಡಿಗಳಲ್ಲಿ ಹೊಸದಾಗಿ ಸಿಗುತ್ತಿರಲಿಲ್ಲ. ಅದಿರಲಿ, ಬ್ಯಾಕಪ್ ಇತ್ತು, ಫ್ಲಾಪಿಗಳಲ್ಲಿ. ಅಣ್ಣ ಪ್ರತಿ ಅಮಾವಾಸ್ಯೆಗೆ ತಪ್ಪದೆ ತೆಗೆದಿಟ್ಟಿದ್ದರು, ನಾನೇ ಕಲಿಸಿದ್ದೆ. ಹನ್ನೆರಡು ಫ್ಲಾಪಿಗಳಲ್ಲಿ ಹನ್ನೊಂದು ಓದಲು ಬರಲಿಲ್ಲ. ಬಂದ ಒಂದರಲ್ಲಿ ಇದ್ದದ್ದು 2013ರ ಲೆಕ್ಕ.

ಮೂರು ವರ್ಷದ ಉದ್ರಿ. ನಾನು ಅವರ ಎದುರು ಕೂತು ಹೇಳಿದೆ, ಇನ್ನು ಸಿಗುವುದಿಲ್ಲ ಅಂತ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಚೀಟಿ ಕೊಟ್ಟೀನಲ್ಲ ಎಲ್ಲರಿಗೂ” ಅಂದರು.

ಊರಲ್ಲಿ ಸುದ್ದಿ ಹಬ್ಬಿತು. ಒಬ್ಬೊಬ್ಬರೇ ಬರತೊಡಗಿದರು. ಜಂತಿಗೆ ಸಿಕ್ಕಿಸಿಟ್ಟದ್ದು, ಪಹಣಿಯ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟದ್ದು, ದೇವರ ಜಗಲಿಯ ಕೆಳಗೆ ಇಟ್ಟದ್ದು. ನನ್ನ ಪ್ರೋಗ್ರಾಂ ಹೊಡೆದ ಕನ್ನಡ ಚೀಟಿಗಳು, ಶಾಯಿ ಮಾಸಿದವು, ಎಣ್ಣೆ ಹತ್ತಿದವು. ತಾವು ಕೊಡಬೇಕಾದ ಸಾಲದ ಚೀಟಿಗಳನ್ನು ತಾವೇ ತಂದು ಕೊಟ್ಟರು. ಎಲ್ಲರೂ ಬರಲಿಲ್ಲ, ಆದರೆ ಬಂದವರು ಹೆಚ್ಚು. ಒಬ್ಬ ಹೆಂಗಸು, ಗಂಡ ತೀರಿಕೊಂಡು ಎಂಟು ತಿಂಗಳಾಗಿತ್ತು, ಅವನ ಅಂಗಿಯ ಜೇಬಿನಲ್ಲಿ ಸಿಕ್ಕ ಚೀಟಿ ತಂದು, “ಅಣ್ಣಾ, ಇದು ನಿಮ್ದೇನು ನೋಡ್ರಿ” ಅಂದಳು. ನಾನೂ ಆ ಹುಡುಗಿಯೂ ಹದಿನೇಳು ದಿನ ಕುರುಗೋಡಿನಲ್ಲಿ ಕೂತು ಆ ಚೀಟಿಗಳನ್ನು ಹೊಸ ಯಂತ್ರಕ್ಕೆ ಏರಿಸಿದೆವು. ದುಡ್ಡು ತೆಗೆದುಕೊಳ್ಳಲಿಲ್ಲ. ತೆಗೆದುಕೊಳ್ಳುವ ಮುಖ ನನಗಿರಲಿಲ್ಲ.

ಆ ಹದಿನೇಳು ದಿನಗಳಲ್ಲಿ ನನಗೆ ಸ್ಪಷ್ಟವಾದದ್ದು ಇಷ್ಟು. ಸಿರುಗುಪ್ಪದಲ್ಲಿ ನಾನು ಕೈಬಿಟ್ಟದ್ದು ತಪ್ಪಲ್ಲ, ಯಾವಾಗ ಮತ್ತು ಹೇಗೆ ಬಿಟ್ಟೆ ಅನ್ನುವುದು ತಪ್ಪು. ಕುರುಗೋಡಿನಲ್ಲಿ “ನಡೆಸಿಕೊಡ್ತೀನಿ” ಅಂದದ್ದು ಪೂರ್ತಿ ತಪ್ಪು. ಏಕೆಂದರೆ ಅದು ನಡೆಸಲು ಆಗುವ ಮಾತಾಗಿರಲಿಲ್ಲ. ಡಿಸ್ಕ್ ತಯಾರಿಸುವವನು ನಾನಲ್ಲ, ಫ್ಲಾಪಿ ತಯಾರಿಸುವವನು ನಾನಲ್ಲ. ನನ್ನ ಕೈಯಲ್ಲಿಲ್ಲದ್ದಕ್ಕೆ ನಾನು ಮಾತು ಕೊಟ್ಟಿದ್ದೆ. ಅವರ ಮಳೆ ಬರದ ವರ್ಷಕ್ಕೆ ಬೇಕಾಗಿದ್ದದ್ದು ಹೊಸ ಯಂತ್ರವಲ್ಲ, ತಿಂಗಳಿಗೊಮ್ಮೆ ಖಾತೆಯನ್ನು ಕಾಗದದ ಮೇಲೆ ಮುದ್ರಿಸಿ ಕಟ್ಟಿಟ್ಟುಕೊಳ್ಳುವ ಒಂದು ಸಲಹೆ. ಅದಕ್ಕೆ ಒಂದು ರಿಬ್ಬನ್ ಸಾಕಿತ್ತು. ನಾನು ಹೇಳಲಿಲ್ಲ, ಹೇಳಿದರೆ ಹಳೆಯದು ಸಾಯುತ್ತದೆ ಎಂದು ಒಪ್ಪಿಕೊಂಡಂತೆ ಆಗುತ್ತಿತ್ತು.

ಈ ವಿಷಯದಲ್ಲಿ ನಮ್ಮ ರಾಜ್ಯದಲ್ಲೇ ದೊಡ್ಡ ಉದಾಹರಣೆ ಒಂದಿತ್ತು, ನಾನು ಅದನ್ನು ಕಣ್ಣಾರೆ ಕಂಡೂ ಪಾಠವಾಗಿ ಓದಿರಲಿಲ್ಲ. ಭೂಮಿ ಯೋಜನೆ. ಸುಮಾರು 67 ಲಕ್ಷ ರೈತರ 2 ಕೋಟಿ ಜಮೀನು ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿದರು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಪಹಣಿ ಸಿಗತೊಡಗಿತು. ಕೈಬರಹದ ಪಹಣಿ ಇನ್ನು ಮುಂದೆ ಊರ್ಜಿತವಲ್ಲ ಎಂದು ಸರ್ಕಾರ ಖಡಾಖಂಡಿತವಾಗಿ ಹೇಳಿತು. ಆದರೆ ಒಂದೇ ದಿನ ಇಡೀ ರಾಜ್ಯಕ್ಕೆ ಹೇಳಲಿಲ್ಲ. ಯಾವ ತಾಲ್ಲೂಕಿನಲ್ಲಿ ಹೊಸ ಕಿಟಕಿ ತೆರೆದು ಕೆಲಸ ಶುರುವಾಯಿತೋ ಆ ತಾಲ್ಲೂಕಿನಲ್ಲಿ ಮಾತ್ರ ಹಳೆಯದನ್ನು ನಿಲ್ಲಿಸುತ್ತ ಬಂದರು. ಎರಡನ್ನೂ ಜೊತೆಯಲ್ಲಿ ನಡೆಯಲು ಬಿಟ್ಟಿದ್ದರೆ ಹೊಸದು ಬೇರು ಬಿಡುತ್ತಿರಲಿಲ್ಲ ಎಂದೇ ನನ್ನ ನಂಬಿಕೆ. ಹೊಸ ಕಿಟಕಿಯೇ ಇಲ್ಲದ ಕಡೆ ಹಳೆಯದನ್ನು ನಿಲ್ಲಿಸಿದ್ದರೆ ರೈತ ಬೀದಿಗೆ ಬೀಳುತ್ತಿದ್ದ. ನಾನು ಸಿರುಗುಪ್ಪದಲ್ಲಿ ಮಾಡಿದ್ದು ಈ ಎರಡನೆಯದನ್ನು, ಕುರುಗೋಡಿನಲ್ಲಿ ಮಾಡಿದ್ದು ಮೊದಲನೆಯದನ್ನು.

2017 ಬಂತು. ಮೇ 12ರಂದು ವಾನಾಕ್ರೈ ಎಂಬ ವೈರಸ್ 150ಕ್ಕೂ ಹೆಚ್ಚು ದೇಶಗಳಲ್ಲಿ ಕಂಪ್ಯೂಟರುಗಳ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ರೋಗಿಗಳನ್ನು ವಾಪಸ್ ಕಳಿಸಬೇಕಾಯಿತು. ಮೂರು ವರ್ಷದ ಹಿಂದೆ ಕೈಬಿಟ್ಟಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಆಗ ತುರ್ತು ತೇಪೆ ಕೊಟ್ಟಿತು. ಹೆಚ್ಚಾಗಿ ಹಾಳಾದವು ಎಕ್ಸ್‌ಪಿ ಯಂತ್ರಗಳಲ್ಲ, ತೇಪೆ ಎರಡು ತಿಂಗಳ ಮೊದಲೇ ಬಂದಿದ್ದರೂ ಹಾಕಿಕೊಳ್ಳದ ವಿಂಡೋಸ್ 7ರವು ಎಂಬುದು ಆಮೇಲೆ ಗೊತ್ತಾಯಿತು. ನನ್ನ ಗಿರಾಕಿಗಳಲ್ಲಿ ಯಾರಿಗೂ ಏನೂ ಆಗಲಿಲ್ಲ, ಬಹುತೇಕರು ಇಂಟರ್‌ನೆಟ್ಟಿಗೇ ಜೋಡಿಸಿಕೊಂಡಿರಲಿಲ್ಲ.

ಆ ರಕ್ಷಣೆ ಜುಲೈ 1ಕ್ಕೆ ಮುಗಿಯಿತು. ಜಿಎಸ್‌ಟಿ ಬಂತು. ಸಿರುಗುಪ್ಪದ ಉಳಿದ ಗಿರಣಿಗಳಿಗೆ ಎಕ್ಸ್‌ಪಿಯ ನಿಜವಾದ ಕೊನೆಯ ದಿನ ಬಂದದ್ದು ಅವತ್ತು. 2005ರ ಏಪ್ರಿಲ್‌ನಿಂದ ವ್ಯಾಟ್ ಇದ್ದಾಗ ವ್ಯಾಪಾರಿಯ ತೆರಿಗೆ ಸಂಖ್ಯೆಗೆ 11 ಅಂಕಿ. ನನ್ನ ಪ್ರೋಗ್ರಾಂನಲ್ಲಿ ಅದಕ್ಕೆ ಇಟ್ಟಿದ್ದ ಜಾಗವೂ ಸರಿಯಾಗಿ 11. ಜಿಎಸ್‌ಟಿ ಸಂಖ್ಯೆಗೆ 15. ಆ ನಾಲ್ಕು ಮನೆ ಹೆಚ್ಚಿಸುವುದು ದೊಡ್ಡ ಕೆಲಸವಲ್ಲ. ಆದರೆ ರಿಟರ್ನ್ ಸಲ್ಲಿಸುವುದು ಇಂಟರ್‌ನೆಟ್ಟಿನಲ್ಲೇ. ಸರ್ಕಾರ ಕೊಟ್ಟ ಆಫ್‌ಲೈನ್ ಟೂಲಿಗೆ ಬೇಕಾದದ್ದು ವಿಂಡೋಸ್ 7 ಅಥವಾ ಅದರ ಮೇಲಿನದು. ಮುಂದಿನ ಏಪ್ರಿಲ್‌ಗೆ ರಾಜ್ಯದೊಳಗೂ ಇ-ವೇ ಬಿಲ್ ಬಂತು, ಅದನ್ನು ಮೊದಲು ಶುರು ಮಾಡಿದ ರಾಜ್ಯ ನಮ್ಮದೇ. ತೆರಿಗೆ ಬೀಳುವ ಬ್ರ್ಯಾಂಡ್ ಅಕ್ಕಿಯ ಲಾರಿ ಗಿರಣಿಯಿಂದ ಹೊರಡಬೇಕಾದರೆ ಬ್ರೌಸರ್ ತೆರೆಯಲೇಬೇಕು. ಎಕ್ಸ್‌ಪಿಗೆ ಕ್ರೋಮ್ 2016ರಲ್ಲೇ ನಿಂತಿತ್ತು.

ಈ ಸಲ ನಾನು ಕಾಗದ ಬರೆಯಲಿಲ್ಲ, ಊರೂರಿಗೆ ಹೋದೆ. ಇನ್ನೂ ಎಕ್ಸ್‌ಪಿಯಲ್ಲಿದ್ದವರು ಹನ್ನೊಂದು ಜನ. ಒಬ್ಬೊಬ್ಬರ ಯಂತ್ರದ ಹಿಂದೆ ಬಗ್ಗಿ ಏನೇನು ತಂತಿ ಸಿಕ್ಕಿಸಿದೆ ಎಂದು ಬರೆದುಕೊಂಡೆ: ಕಾಂಟಾ, ಪ್ರಿಂಟರ್, ಒಂದು ಕಡೆ ತೇವ ಅಳೆಯುವ ಯಂತ್ರ. ಆಮೇಲೆ ಸಿರುಗುಪ್ಪದ ತಾತನನ್ನೇ ಕೇಳಿದೆ, ಹಳೆಯದನ್ನು ಯಾವಾಗ ನಿಲ್ಲಿಸಲಿ ಅಂತ.

“ಕಾಲುವೆಗೆ ನೀರು ಬಿಟ್ಟ ಮೇಲೆ ಮಾಡು” ಅಂದರು. “ನೀರು ಬಿಟ್ರೆ ಎಲ್ಲರೂ ಗದ್ದೆಗೆ ಹೋಗ್ತಾರೆ. ನಾಟಿ ಮುಗಿಯೋ ತನಕ ನಮ್ಮನ್ನ ಕೇಳೋರಿಲ್ಲ. ಆಗ ಏನ್ ಮುರೀತೀಯೋ ಮುರಿ, ಏನ್ ಕಟ್ತೀಯೋ ಕಟ್ಟು.”

ನನ್ನ ಇಪ್ಪತ್ತು ವರ್ಷದ ಕಸುಬಿನಲ್ಲಿ ಇಷ್ಟು ನಿಖರವಾದ ಮಾತನ್ನು ಯಾರೂ ಹೇಳಿರಲಿಲ್ಲ. ಕುರುಗೋಡಿನ ಗೊಬ್ಬರದ ಅಂಗಡಿಗೆ ಅದೇ ಹೊತ್ತು ಭರ್ತಿ ವ್ಯಾಪಾರ, ಅವರಿಗೆ ಮಾರ್ಚ್ ಒಳ್ಳೆಯದು. ಜೀನ್ಸ್‌ನವರಿಗೆ ಆಷಾಢ, ದಸರೆ ಸಮೀಪಿಸಿದರೆ ಅವರಿಗೆ ಉಸಿರಾಡಲು ಪುರುಸೊತ್ತಿಲ್ಲ. ಒಂದೇ ದಿನಾಂಕ ಎಲ್ಲರಿಗೂ ಹೊಂದುವುದಿಲ್ಲ ಎಂಬುದು ನನಗೆ ಹೊಳೆಯಲು ಇಷ್ಟು ವರ್ಷ ಬೇಕಾಯಿತು. ಆ ಸಲ ಹಳೆಯ ಯಂತ್ರ ಮತ್ತು ಹೊಸ ಯಂತ್ರ ಎರಡನ್ನೂ ಮೂರು ವಾರ ಪಕ್ಕಪಕ್ಕ ಓಡಿಸಿದೆವು. ಆಯಾ ಕಡೆಯ ಗುಮಾಸ್ತರು ಎರಡರ ಚೀಟಿಯನ್ನೂ ಹೋಲಿಸಿ ನೋಡಿ, ಇಪ್ಪತ್ತೆರಡನೆಯ ದಿನ ಹಳೆಯದರ ಸ್ವಿಚ್ಚನ್ನು ತಾವೇ ಆರಿಸಿದರು. ಹನ್ನೊಂದು ಕಡೆಯೂ ಒಂದು ಚೀಟಿ ತಪ್ಪಲಿಲ್ಲ.

ತಾತ ಈಗಿಲ್ಲ. ಅವರು ಹೋದ ಮೇಲೆ, 2024ರ ಆಗಸ್ಟ್ 10ರ ರಾತ್ರಿ, ತುಂಗಭದ್ರಾ ಜಲಾಶಯದ 19ನೇ ಗೇಟು ಸರಪಳಿ ಕಡಿದು ಕೊಚ್ಚಿಹೋಯಿತು. 33 ಗೇಟುಗಳ, 1953ರಿಂದ ನೀರು ಹಿಡಿದ ಅಣೆಕಟ್ಟು. ಸಿರುಗುಪ್ಪದ ನನ್ನ ಗಿರಾಕಿಗಳು ಆ ವಾರ ಲೆಕ್ಕದ ಮಾತೇ ಆಡಲಿಲ್ಲ. ನಾಟಿ ಹಾಕಿದ ಗದ್ದೆಗೆ ನೀರು ಉಳಿಯುತ್ತದೋ ಇಲ್ಲವೋ ಎಂದು ಫೋನು ಹಿಡಿದು ಕೂತಿದ್ದರು. ಅಣೆಕಟ್ಟಿನ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮುಂದಾಳತ್ವದಲ್ಲಿ ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿದಾಗ ಎಲ್ಲರ ಜೊತೆ ನಾನೂ ಕಣ್ಣೊರೆಸಿಕೊಂಡೆ. ಹಳೆಯದು ಇನ್ನೂ ನಿಂತಿದೆ ಎಂಬುದನ್ನೇ ನೆಚ್ಚಿಕೊಂಡವರ ರಾತ್ರಿ ಹೇಗಿರುತ್ತದೆ ಎಂದು ನನಗೆ ಕುರುಗೋಡು ಕಲಿಸಿತ್ತು.

ಈಗ ವಿಂಡೋಸ್ 10ರ ಸರದಿ. 2025ರ ಅಕ್ಟೋಬರ್ 14ಕ್ಕೆ ಅದರ ಬೆಂಬಲ ಮುಗಿದಿದೆ. ದೀಪಾವಳಿಗೆ ಆರು ದಿನ ಇರುವಾಗ, ಜೀನ್ಸ್ ಘಟಕಗಳು ಹಗಲು ರಾತ್ರಿ ನಡೆಯುವ ಹೊತ್ತಿಗೆ. ನನ್ನ ಜೀನ್ಸ್ ಗಿರಾಕಿಗಳಿಗೆ ಆಷಾಢದಲ್ಲೇ ಬದಲಿಸಿಕೊಟ್ಟಿದ್ದೆ. ವಿಂಡೋಸ್ 11ಕ್ಕೆ ಹೊಂದದ ಹಳೆಯ ಪ್ರೊಸೆಸರ್ ಇರುವ ಯಂತ್ರಗಳು ನಮ್ಮ ಊರುಗಳಲ್ಲಿ ಇನ್ನೂ ಬಹಳ ಇವೆ. ಮನೆಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತೆಯ ತೇಪೆಗಳು ಸಿಗುವ ಏರ್ಪಾಡನ್ನು ಮೈಕ್ರೋಸಾಫ್ಟ್ ಮಾಡಿದೆ. ಆ ಅವಧಿಯನ್ನು ಯಂತ್ರ ಬದಲಿಸದೆ ಇರುವುದಕ್ಕೆ ಬಳಸಬೇಡಿ. ನಿಮ್ಮ ಖಾತೆಗಳನ್ನು ಕಾಗದದ ಮೇಲೂ, ಯಾವ ಪ್ರೋಗ್ರಾಂ ಬೇಕಾದರೂ ಓದಬಲ್ಲ ಸರಳ ಕಡತದಲ್ಲೂ ಹೊರಗೆ ತೆಗೆದಿಡುವುದಕ್ಕೆ ಬಳಸಿ. ನನ್ನ ಹಾಗೆ ಸಣ್ಣ ಊರುಗಳಿಗೆ ತಂತ್ರಾಂಶ ಬರೆದು ಕೊಡುವವರಿದ್ದರೆ ಅವರಿಗೂ ಒಂದು ಮಾತು. “ನಡೆಸಿಕೊಡ್ತೀನಿ” ಅನ್ನುವ ಮೊದಲು ಎಷ್ಟು ದಿನ ಎಂದು ಹೇಳಿ. ಹೇಳಿದ ದಿನ ಅವರ ಸುಗ್ಗಿಯಲ್ಲಿ ಬೀಳದಂತೆ ನೋಡಿಕೊಳ್ಳಿ.

2018ರಿಂದ ನನ್ನ ಪ್ರತಿ ರಸೀದಿಯ ಮೇಲೆ ಎರಡು ದಿನಾಂಕಗಳಿರುತ್ತವೆ. ಒಂದು, ತಂತ್ರಾಂಶ ಕೊಟ್ಟ ದಿನ. ಇನ್ನೊಂದು, ಆ ಯಂತ್ರದ ಮೇಲೆ ಅದನ್ನು ನಾನು ನೋಡಿಕೊಳ್ಳುವ ಕೊನೆಯ ದಿನ. ಸಿರುಗುಪ್ಪದ ರಸೀದಿಗಳಲ್ಲಿ ಆ ಎರಡನೆಯ ದಿನಾಂಕ ಯಾವಾಗಲೂ ಆಗಸ್ಟ್ 31.